‘ನೀಟ್’ ಯುವಜನ, ‘ಯೂತ್ ಗ್ಯಾರಂಟಿ’, ‘ಲೈಫ್‌ಲಾಂಗ್ ಲರ್ನಿಂಗ್’: ಕನ್ನಡದಲ್ಲಿ ಏನೆನ್ನೋಣ?

ಪ್ರಶ್ನೆ: ಐರೋಪ್ಯ ಒಕ್ಕೂಟ ಮತ್ತು ಪಶ್ಚಿಮ ಬಾಲ್ಕನ್ ದೇಶಗಳ ಪ್ರಾದೇಶಿಕ ಸಹಕಾರ ಕುರಿತ ಬರಹವೊಂದರ ಅನುವಾದ ನಡೆದಿದೆ. ‘ನೀಟ್’ ಯುವಜನರನ್ನು, ಅಂದರೆ ಓದು, ಕೆಲಸ, ತರಬೇತಿ ಯಾವುದರಲ್ಲೂ ಇಲ್ಲದವರನ್ನು, ‘ನಿರುದ್ಯೋಗಿ ಯುವಜನರು’ ಎನ್ನಬಹುದೇ? ಯುವಜನರಿಗೆ ಓದು, ಕೆಲಸದ ಅವಕಾಶ ಒದಗಿಸುವ ಒಕ್ಕೂಟದ ‘ಯೂತ್ ಗ್ಯಾರಂಟಿ’ಗೆ ‘ಯುವ ಉದ್ಯೋಗ ಖಾತ್ರಿ’ ಹೊಂದುತ್ತದೆಯೇ? ‘ಲೈಫ್‌ಲಾಂಗ್ ಲರ್ನಿಂಗ್’ಗೆ ಆಜೀವ, ಜೀವಾವಧಿ, ನಿರಂತರ ಇವುಗಳಲ್ಲಿ ಯಾವುದು ಮೇಲು? ತಿಳಿದವರು ದಯವಿಟ್ಟು ಹೇಳಿ.

ಉತ್ತರ: ‘ನೀಟ್’ ಎಂದು ಹಾಗೇ ಬಿಟ್ಟರೆ ಓದುಗರ ತಲೆಗೆ ಮೊದಲು ಬರುವುದು ವೈದ್ಯಕೀಯ ಪ್ರವೇಶ ಪರೀಕ್ಷೆ. ‘ನೀಟ್ ಪ್ರಮಾಣ ಇಳಿಸುವುದು’ ಎಂದರೆ ಕಟ್‌ಆಫ್ ಇಳಿಸುವ ಸುದ್ದಿಯೆಂದೇ ತಿಳಿದಾರು. ಆ ತಪ್ಪಾದರೂ ಕಣ್ಣಿಗೆ ಬೀಳುತ್ತದೆ. ‘ನಿರುದ್ಯೋಗಿ’ ಹಾಕಿದರೆ ಬೀಳುವುದಿಲ್ಲ, ಅಂಕಿಅಂಶ ಮಾತ್ರ ಕೆಡುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಅಳತೆಯಲ್ಲಿ ನಿರುದ್ಯೋಗಿ ಎಂದರೆ ಕೆಲಸವಿಲ್ಲದೆ, ಹಿಂದಿನ 4 ವಾರಗಳಲ್ಲಿ ಕೆಲಸ ಹುಡುಕಿ, ಸಿಕ್ಕರೆ 2 ವಾರದೊಳಗೆ ಸೇರಬಲ್ಲವರು. ಹುಡುಕುವುದನ್ನೇ ಕೈಬಿಟ್ಟವರು, ಮನೆಯವರ ಆರೈಕೆ ಮಾಡುತ್ತಿರುವವರು ಆ ಲೆಕ್ಕಕ್ಕೆ ಬರುವುದಿಲ್ಲ. ನೀಟ್‌ಗೆ ಬರುತ್ತಾರೆ.

ಛೇದವೂ ಬೇರೆ. 100 ಯುವಜನರಲ್ಲಿ 50 ಮಂದಿ ಬರೀ ಓದುತ್ತಿದ್ದಾರೆ, 35 ಮಂದಿ ದುಡಿಯುತ್ತಿದ್ದಾರೆ, 5 ಮಂದಿ ಕೆಲಸ ಹುಡುಕುತ್ತಿದ್ದಾರೆ, ಉಳಿದ 10 ಮಂದಿ ಓದುತ್ತಲೂ ಇಲ್ಲ, ಹುಡುಕುತ್ತಲೂ ಇಲ್ಲ ಎನ್ನಿ. ನಿರುದ್ಯೋಗ ದರಕ್ಕೆ 5ನ್ನು ದುಡಿಯುವವರೂ ಹುಡುಕುವವರೂ ಸೇರಿದ 40ರಿಂದ ಭಾಗಿಸಬೇಕು: ಶೇ 12.5. ನೀಟ್ ದರಕ್ಕೆ ಆ 5 ಮತ್ತು 10 ಸೇರಿದ 15ನ್ನು ಇಡೀ 100ರಿಂದ: ಶೇ 15. ಐರೋಪ್ಯ ಒಕ್ಕೂಟ 2030ಕ್ಕೆ ಇಟ್ಟುಕೊಂಡಿರುವ ಶೇ 9ರ ಗುರಿ 15ರಿಂದ 29 ವಯಸ್ಸಿನವರ ನೀಟ್ ದರದ್ದು. ‘ನಿರುದ್ಯೋಗ ಶೇ 9’ ಎಂದು ಬರೆದರೆ ಗುರಿಯೇ ಬೇರೆಯಾಗುತ್ತದೆ. ನನ್ನ ಆಯ್ಕೆ: ಮೊದಲ ಸಲ ‘ಓದು, ಕೆಲಸ, ತರಬೇತಿ ಯಾವುದರಲ್ಲೂ ಇಲ್ಲದ ಯುವಜನರು’, ಆಮೇಲೆ ‘ಮೂರರಲ್ಲೂ ಇಲ್ಲದವರು’. ಉದ್ದವಾಯಿತು, ನಿಜ. ಕೋಷ್ಟಕದ ತಲೆಬರಹದಲ್ಲಿ ಎರಡನೆಯದೇ ಸಾಕು.

‘ಯುವ ಉದ್ಯೋಗ ಖಾತ್ರಿ’ ಬೇಡ. ಉದ್ಯೋಗ ಖಾತ್ರಿ ಎಂದೊಡನೆ ಕನ್ನಡದಲ್ಲಿ ನರೇಗಾ ನೆನಪಾಗುತ್ತದೆ, ಜತೆಗೆ ಸರ್ಕಾರವೇ ಕೆಲಸ ಕೊಡುತ್ತದೆ ಎಂಬ ಅರ್ಥವೂ. ಯೂತ್ ಗ್ಯಾರಂಟಿ ಕುರಿತ ಒಕ್ಕೂಟದ 2013ರ ಶಿಫಾರಸು ಹೇಳಿದ್ದು ಇಷ್ಟು: ಕೆಲಸ ಹೋದ ಅಥವಾ ಓದು ಬಿಟ್ಟ 4 ತಿಂಗಳೊಳಗೆ ಉದ್ಯೋಗ, ಮುಂದಿನ ಓದು, ಅಪ್ರೆಂಟಿಸ್‌ಶಿಪ್, ಟ್ರೈನಿಶಿಪ್ ಈ ನಾಲ್ಕರಲ್ಲಿ ಒಂದರ ಅವಕಾಶ ಎದುರಿಗಿಡಬೇಕು. ಆಗ 25 ವರ್ಷದೊಳಗಿನವರಿಗಿದ್ದದ್ದು 2020ರಲ್ಲಿ 30ರೊಳಗಿನವರಿಗೂ ವಿಸ್ತರಿಸಿತು. ಖಾತ್ರಿ ಇರುವುದು ಅವಕಾಶಕ್ಕೆ, ನೌಕರಿಗಲ್ಲ. ಬರೀ ‘ಯುವ ಖಾತ್ರಿ’ ಸಾಕು. ಅಪ್ರೆಂಟಿಸ್‌ಶಿಪ್, ಟ್ರೈನಿಶಿಪ್ ಎರಡನ್ನೂ ‘ತರಬೇತಿ’ ಎಂದು ಒಂದೇ ಮಾಡಬೇಡಿ. ಮೊದಲನೆಯದಕ್ಕೆ ‘ಶಿಶಿಕ್ಷು ತರಬೇತಿ’ ಎಂಬ ಕಚೇರಿ ಮಾತಿದೆ, ‘ಅಪ್ರೆಂಟಿಸ್’ ಜನರ ಮಾತು. ಎರಡನೆಯದು ಅಲ್ಪಾವಧಿಯ ಕೆಲಸಾನುಭವ, ಸಾಮಾನ್ಯವಾಗಿ ಹೆಚ್ಚೆಂದರೆ 6 ತಿಂಗಳು ಎಂದು ಅದರ ಗುಣಮಟ್ಟಕ್ಕೆಂದು ಒಕ್ಕೂಟ ಮಾಡಿದ 2014ರ ಚೌಕಟ್ಟು ಹೇಳುತ್ತದೆ. ‘ಇಂಟರ್ನ್‌ಶಿಪ್’ ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ.

‘ಜೀವಾವಧಿ ಶಿಕ್ಷಣ’ ಕಿವಿಗೆ ‘ಜೀವಾವಧಿ ಶಿಕ್ಷೆ’ಯ ಹಾಗೇ ಕೇಳುತ್ತದೆ! ‘ಆಜೀವ ಸದಸ್ಯ’ರಿಂದಾಗಿ ‘ಆಜೀವ’ ಪರಿಚಿತ, ಆದರೆ ಸಂಸ್ಕೃತದಲ್ಲಿ ಆಜೀವ ಎಂದರೆ ಜೀವನೋಪಾಯವೂ ಹೌದು. ಉದ್ಯೋಗ ನೀತಿಯ ಕಡತದಲ್ಲಿ ‘ಆಜೀವ ಕಲಿಕೆ’ಯನ್ನು ಹೊಟ್ಟೆಪಾಡಿನ ಕಲಿಕೆ ಎಂದೂ ಓದಬಹುದು. ‘ನಿರಂತರ ಶಿಕ್ಷಣ’ ಶಾಲೆ ಬಿಟ್ಟ ಮೇಲಿನದಕ್ಕೆ ರೂಢಿಯಾಗಿದೆ, ಶಾಲೆಯ ಓದು ಅದರಲ್ಲಿ ಅಡಗುವುದಿಲ್ಲ. ‘ಜೀವನಪರ್ಯಂತ ಕಲಿಕೆ’ಯೇ ಇರಲಿ. ‘ಶಿಕ್ಷಣ’ಕ್ಕಿಂತ ‘ಕಲಿಕೆ’ ಲೇಸು, ಏಕೆಂದರೆ ತರಗತಿಯ ಹೊರಗೆ ಕೆಲಸ ಮಾಡುತ್ತ ಕಲಿತದ್ದಕ್ಕೂ ಮಾನ್ಯತೆ ಕೊಡಿಸುವುದು ಈ ನೀತಿಗಳ ಒಂದು ಮುಖ್ಯ ಉದ್ದೇಶ.

ನೀವು ಕೇಳದ ಒಂದು ಮಾತು: ‘ಪ್ರಾದೇಶಿಕ ಸಹಕಾರ’ ಸಾರ್ಕ್‌ನಿಂದಾಗಿ ಬಳಕೆಯಲ್ಲಿದೆ, ಇರಲಿ. ಆದರೆ ಒಂದೇ ಪುಟದಲ್ಲಿ ದೇಶದೊಳಗಿನ ಪ್ರಾಂತಗಳ ಮಾತೂ ಬಂದರೆ ಗೊಂದಲ ಖಂಡಿತ. ಅಲ್ಲಿ ‘ನೆರೆದೇಶಗಳ ನಡುವಣ ಸಹಕಾರ’ ಎಂದು ಬಿಡಿಸಿ ಬರೆಯಿರಿ.