ಹೊಸಬರಿಗೂ ಒಗ್ಗುವ ಎಲೆಯಾಟವನ್ನು ರೂಪಿಸುವುದು ಹೇಗೆ? ಆಟದ ವಿನ್ಯಾಸಕರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ನಾನು 72 ಎಲೆಗಳ ಹೊಸ ಆಟವೊಂದನ್ನು ರೂಪಿಸಿದ್ದೇನೆ. ಪಳಗಿದ ಆಟಗಾರರು ಮೆಚ್ಚಿದ್ದಾರೆ. ಆದರೆ ಹೊಸಬರಿಗೆ ನಿಯಮ ವಿವರಿಸಲು 20 ನಿಮಿಷ ಹಿಡಿಯುತ್ತದೆ; ಅಷ್ಟಾದರೂ ಎರಡನೆಯ ಸುತ್ತಿಗೇ ಅವರು ‘ಯಾವ ಎಲೆ ಹಾಕಲಿ, ನೀವೇ ಹೇಳಿ’ ಎಂದುಬಿಡುತ್ತಾರೆ. ನಿಯಮಗಳನ್ನು ಕಡಿತಗೊಳಿಸಿದರೆ ಆಟದ ಸತ್ವವೇ ಹೋದೀತೆಂಬ ಅಳುಕಿದೆ.

ಉತ್ತರ: ನಮಸ್ಕಾರ. ನಿಯಮಗಳು ಒಟ್ಟು ಎಷ್ಟಿವೆ ಎಂಬುದಕ್ಕಿಂತ, ಮೊದಲ ಎಲೆ ಹಾಕುವ ಮುನ್ನ ಅವುಗಳಲ್ಲಿ ಎಷ್ಟು ತಿಳಿದಿರಬೇಕು ಎಂಬುದನ್ನು ಎಣಿಸಿ ನೋಡಿ. 2012ರಲ್ಲಿ ಬಂದ ‘ಲವ್ ಲೆಟರ್’ ಆಟದ ಮೂಲ ಕಟ್ಟಿನಲ್ಲಿ ಇದ್ದುದು 16 ಎಲೆಗಳು ಮಾತ್ರ. ಕೈಯಲ್ಲಿ ಒಂದು ಎಲೆ, ಸರದಿ ಬಂದಾಗ ಇನ್ನೊಂದನ್ನು ಎಳೆದು ಎರಡರಲ್ಲಿ ಒಂದನ್ನು ಆಡಬೇಕು. ಆ ಎಲೆ ಏನು ಮಾಡುತ್ತದೆಂಬುದು ಅದರ ಮೇಲೆಯೇ ಬರೆದಿರುತ್ತದೆ.

ನಿಮ್ಮ ಆಟ ಅದಕ್ಕಿಂತ ದೊಡ್ಡದಾದ್ದರಿಂದ 2008ರ ‘ಡೊಮಿನಿಯನ್’ ನಿಮಗೆ ಹೆಚ್ಚು ಪಾಠ ಹೇಳೀತು. ನಾಣ್ಯದೆಲೆಗಳಿಂದ ಮೇಜಿನ ಮೇಲಿನ ಹೊಸ ಎಲೆಗಳನ್ನು ಕೊಂಡು ತಮ್ಮ ಕಟ್ಟನ್ನು ಬೆಳೆಸಿಕೊಳ್ಳುವ ಆಟ ಅದು. ಅದರಲ್ಲಿ ಪ್ರತಿಯೊಬ್ಬರೂ 7 ತಾಮ್ರದ ನಾಣ್ಯದೆಲೆ ಮತ್ತು ಕೊನೆಯಲ್ಲಿ ಅಂಕ ತರುವ 3 ಎಸ್ಟೇಟ್ ಎಲೆಗಳಿಂದ ಆರಂಭಿಸಿ, ಪ್ರತಿ ಸರದಿಗೂ ಐದೈದು ಎಲೆ ತೆಗೆದುಕೊಳ್ಳುತ್ತಾರೆ. ಈ ಹತ್ತರಲ್ಲಿ ‘ಕ್ರಿಯೆ’ಯ ಎಲೆ, ಅಂದರೆ ಆಡಿದಾಗ ತನ್ನದೇ ಪರಿಣಾಮ ಬೀರುವ ಎಲೆ, ಒಂದೂ ಇಲ್ಲದಿರುವುದರಿಂದ, ಮೊದಲೆರಡು ಸರದಿಗಳಲ್ಲಿ ಆಟಗಾರನಿಗೆ ಇರುವ ಕೆಲಸ ಕೊಳ್ಳುವುದೊಂದೇ, ಕ್ರಿಯೆಯ ನಿಯಮ ಬೇಕಾಗುವುದು ತಾನೇ ಆರಿಸಿ ಕೊಂಡ ಎಲೆ ಕೈಗೆ ಬಂದಾಗ, ಅಂದರೆ ಅದನ್ನು ತಿಳಿಯುವ ಕುತೂಹಲ ಅವನಲ್ಲೇ ಹುಟ್ಟಿದ ಮೇಲೆ. ಸತ್ವ ಕುಂದಲಿಲ್ಲ, ತಡವಾಗಿ ಬಂತು ಅಷ್ಟೆ. ಹಾಗೆಂದು ಆ ಆಟವೂ ಪೂರ್ತಿ ಸಲೀಸಲ್ಲ: ಮೇಜಿನ ಮೇಲೆ ಹತ್ತು ಬಗೆಯ ಅಪರಿಚಿತ ಎಲೆಗಳನ್ನು ಒಮ್ಮೆಗೇ ಕಂಡ ಹೊಸಬ ತಬ್ಬಿಬ್ಬಾಗುತ್ತಾನೆ. ಆದ್ದರಿಂದಲೇ ಅದರ ನಿಯಮಪುಸ್ತಿಕೆಯು ಮೊದಲ ಆಟಕ್ಕೆಂದು ಹತ್ತು ಬಗೆಗಳನ್ನು ತಾನೇ ಆರಿಸಿ ಕೊಟ್ಟಿದೆ.

ಪ್ರಶ್ನೆ: ಎಲೆಯ ಮೇಲೆ ಇಷ್ಟೆಲ್ಲ ಬರೆದರೆ ಕಿಕ್ಕಿರಿಯುವುದಿಲ್ಲವೇ? ನಾನು ಎಲ್ಲಕ್ಕೂ ಚಿಹ್ನೆಗಳನ್ನೇ ಬಳಸಿದ್ದೇನೆ.

ಉತ್ತರ: ಪ್ರತಿ ಚಿಹ್ನೆಯೂ ಕಲಿಯಬೇಕಾದ ಇನ್ನೊಂದು ಅಕ್ಷರ. ಹತ್ತಾರು ಎಲೆಗಳಲ್ಲಿ ಮರುಕಳಿಸುವುದಕ್ಕೆ ಚಿಹ್ನೆ ಇರಲಿ, ಎರಡು ಮೂರರಲ್ಲಿ ಮಾತ್ರ ಬರುವುದನ್ನು ಮಾತಿನಲ್ಲೇ ಬರೆಯಿರಿ. ಎಲೆಗಳನ್ನು ಬೀಸಣಿಗೆಯಂತೆ ಹರಡಿ ಹಿಡಿದಾಗ ಸಾಮಾನ್ಯವಾಗಿ ಕಾಣುವುದು ಎಡಗಡೆಯ ಮೇಲ್ತುದಿ. ಮುಖ್ಯವಾದ ಅಂಕಿ ಅಲ್ಲಿರಬೇಕು. ಬಣ್ಣವೊಂದನ್ನೇ ನಂಬಬೇಡಿ, ಕೆಂಪು ಹಸಿರುಗಳ ಭೇದ ಕಾಣದವರು ಆಡಲು ಕೂತಿರಬಹುದು. 52 ಎಲೆಗಳ ಇಸ್ಪೀಟಿನಲ್ಲಿ ಬಣ್ಣ ಎರಡೇ ಆದರೂ ಆಕಾರ ನಾಲ್ಕಿವೆಯಲ್ಲವೇ, ಅದನ್ನು ಗಮನಿಸಿ.

ಮತ್ತೊಬ್ಬ ಸದಸ್ಯರ ಪ್ರಶ್ನೆ: ಹೊಸಬರು ಸೋಲುತ್ತಲೇ ಇದ್ದರೆ ಅವರಿಗೆ ಏನಾದರೂ ರಿಯಾಯಿತಿ ಕೊಡಬಹುದೇ?

ಉತ್ತರ: ಎದ್ದು ಕಾಣುವ ರಿಯಾಯಿತಿ ಸೋಲಿಗಿಂತ ಹೆಚ್ಚು ಮುಜುಗರ ತರುತ್ತದೆ ಎಂದು ನನ್ನ ಅಭಿಪ್ರಾಯ. ಅದಕ್ಕಿಂತ ಸುತ್ತುಗಳನ್ನು ಚಿಕ್ಕದಾಗಿಸಿ. ಐದು ನಿಮಿಷದ ಸುತ್ತಿನಿಂದ ಹೊರಬಿದ್ದವರು ನಕ್ಕು ಕಾಯುತ್ತಾರೆ, ಒಂದು ಗಂಟೆಯ ಆಟದಲ್ಲಿ ಹಾಗಾದರೆ ಮತ್ತೆ ಆಡಲು ಬರುವುದಿಲ್ಲ.

ಮೊದಲು ಪ್ರಶ್ನೆ ಕೇಳಿದವರಿಗೆ ಇನ್ನೊಂದು ಮಾತು: ಮುಂದಿನ ಸಲ ನೀವು ವಿವರಿಸಲೇಬೇಡಿ. ಪರಿಚಯವಿಲ್ಲದ ಮೂವರಿಗೆ ಕಟ್ಟು ಮತ್ತು ನಿಯಮದ ಹಾಳೆ ಕೊಟ್ಟು, ತಪ್ಪಾಗಿ ಆಡಿದರೂ ತುಟಿ ಬಿಚ್ಚದೆ ಪಕ್ಕದಲ್ಲಿ ಕುಳಿತು, ಅವರು ಯಾವ ಸಾಲಿಗೆ ಮತ್ತೆ ಮತ್ತೆ ಬೆರಳಿಟ್ಟು ಹಿಂದಿರುಗುತ್ತಾರೆಂಬುದನ್ನು ಬರೆದುಕೊಳ್ಳಿ. ತಿದ್ದುವುದನ್ನು ಆ ಸಾಲಿನಿಂದಲೇ ಆರಂಭಿಸಬಹುದು.