ಕಾನೂನು ಮತ್ತು ಮನಃಶಾಸ್ತ್ರ: ಎರಡನ್ನೂ ಓದುವುದು ಹೇಗೆ?

ಬದಿಯಡ್ಕದ ವಿದ್ಯಾರ್ಥಿನಿ:
ಎಲ್ಲರಿಗೂ ನಮಸ್ಕಾರ. ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈ ವರ್ಷ ಪ್ಲಸ್‌ಟು ಮುಗಿಸಿದ್ದೇನೆ. ವಕೀಲಳಾಗಬೇಕೆಂಬುದು ಚಿಕ್ಕಂದಿನ ಆಸೆ. ಪ್ಲಸ್‌ಟುವಿನಲ್ಲಿ ಮನಃಶಾಸ್ತ್ರ ಓದಿದ ಮೇಲೆ ಅದನ್ನು ಬಿಡಲೂ ಮನಸ್ಸಿಲ್ಲ. ಈಗ ಎರಡು ಪದವಿಗಳನ್ನು ಒಟ್ಟಿಗೇ ಮಾಡಬಹುದೆಂದು ನೆಂಟರೊಬ್ಬರು ಹೇಳುತ್ತಾರೆ, ಹಾಗೆ ಮಾಡಿದರೆ ಮುಂದೆ ಸನ್ನದಿಗೆ (ವಕೀಲಿಕೆ ಮಾಡುವ ಪರವಾನಗಿಗೆ) ತೊಂದರೆಯಾದೀತೆಂದು ಇನ್ನೊಬ್ಬರು ಹೆದರಿಸುತ್ತಾರೆ. ಯಾವುದು ಸರಿ? ಎರಡನ್ನೂ ಓದಿದವರಿಗೆ ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಊರಿನಲ್ಲಿ ಕೆಲಸವೆಂಬುದು ಇದೆಯೇ?

ಕುಂಬಳೆಯ ವಕೀಲ:
ಹೆದರಿಸಿದವರ ಮಾತೇ ಸರಿ. ಏಕಕಾಲಕ್ಕೆ ಎರಡು ಪದವಿಗಳಿಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರಲ್ಲಿ ಅವಕಾಶ ಕೊಟ್ಟದ್ದು ನಿಜವಾದರೂ, ಕಾನೂನು ಪದವಿಗೆ ವಕೀಲ ವೃತ್ತಿಯನ್ನು ನಿಯಂತ್ರಿಸುವ ಬಾರ್ ಕೌನ್ಸಿಲಿನ 2008ರ ನಿಯಮಗಳು ಅನ್ವಯಿಸುತ್ತವೆ. ಅವುಗಳ ಪ್ರಕಾರ ಕಾನೂನು ಓದುತ್ತಿರುವಾಗ ಇನ್ನೊಂದು ರೆಗ್ಯುಲರ್ ಪದವಿಗೆ ಸೇರುವಂತಿಲ್ಲ. ದೂರಶಿಕ್ಷಣಕ್ಕೆ ಆ ನಿಯಮದಲ್ಲಿ ವಿನಾಯಿತಿ ಇದೆ, ಆದರೆ ಮನಃಶಾಸ್ತ್ರವನ್ನು ದೂರಶಿಕ್ಷಣದಲ್ಲಿ ಕಲಿಸುವುದನ್ನೇ ಯುಜಿಸಿ 2025ರಲ್ಲಿ ನಿಲ್ಲಿಸಿದ್ದರಿಂದ ಆ ಬಾಗಿಲೂ ಮುಚ್ಚಿತು. ಆದ್ದರಿಂದ ಮೊದಲು ಮನಃಶಾಸ್ತ್ರದಲ್ಲಿ ಪದವಿ ಪಡೆದು, ಅನಂತರ ಮೂರು ವರ್ಷದ ಎಲ್‌ಎಲ್‌ಬಿಗೆ ಸೇರುವುದು ಒಳ್ಳೆಯದು. ಪದವಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇಕಡಾ 45 ಅಂಕ ಬೇಕು. ಕಣ್ಣೂರು ವಿಶ್ವವಿದ್ಯಾಲಯದ ಮಂಜೇಶ್ವರ ಕ್ಯಾಂಪಸ್ಸಿನಲ್ಲೇ ಮೂರು ವರ್ಷದ ಕೋರ್ಸ್ ಇರುವಾಗ ದೂರದ ಊರುಗಳಿಗೆ ಹೋಗಬೇಕಾಗಿಯೂ ಇಲ್ಲ.

ಇನ್ನು ಕೆಲಸದ ಮಾತು. ನಾನು ನಡೆಸಿದ ಒಂದು ಅಪಘಾತದ ಪ್ರಕರಣದಲ್ಲಿ ಸಾಕ್ಷಿಯಾಗಿದ್ದ ಅಡಿಕೆ ತೋಟದ ಕೆಲಸಗಾರರು ಕನ್ನಡದಲ್ಲಿ ಹೇಳಿದ್ದು ‘ಬೈಕು ತಾಗಿತು’ ಎಂದು. ಬರೆದುಕೊಂಡವರ ಮಲಯಾಳದಲ್ಲಿ ಅದು ‘ಇಡಿಚ್ಚು’ ಎಂದಾಗಿತ್ತು, ಅಂದರೆ ಗುದ್ದಿತು. ಪಾಟೀಸವಾಲಿನ ಹೊತ್ತಿಗೆ ಸ್ವತಃ ಸಾಕ್ಷಿಯೇ ಬೈಕು ಬಹಳ ವೇಗದಲ್ಲಿತ್ತೆಂದು ನಂಬಿಬಿಟ್ಟಿದ್ದರು. ಅಮೆರಿಕದ ಮನಃಶಾಸ್ತ್ರಜ್ಞರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಪ್ರಕಟಿಸಿದ ಪ್ರಯೋಗ ಆಮೇಲೆ ನನ್ನ ಕಣ್ಣಿಗೆ ಬಿತ್ತು. ಅಪಘಾತದ ಒಂದೇ ಚಿತ್ರಗಳನ್ನು ನೋಡಿದವರಲ್ಲಿ, ಕಾರುಗಳು ‘ತಾಗಿದಾಗ’ ವೇಗವೆಷ್ಟಿತ್ತೆಂದು ಕೇಳಿಸಿಕೊಂಡವರು ಸರಾಸರಿ ಗಂಟೆಗೆ 31.8 ಮೈಲಿ ಎಂದರೆ, ‘ಅಪ್ಪಳಿಸಿದಾಗ’ ಎಂದು ಕೇಳಿಸಿಕೊಂಡವರು 40ಕ್ಕಿಂತ ಹೆಚ್ಚು ಎಂದರು. ಬದಲಾದದ್ದು ಕ್ರಿಯಾಪದ ಮಾತ್ರ. ತುಳು, ಕನ್ನಡ, ಬ್ಯಾರಿ ಆಡುವವರ ಮಾತು ಮಲಯಾಳಕ್ಕೋ ಇಂಗ್ಲಿಷಿಗೋ ತಿರುಗಿ ದಾಖಲಾಗುವ ನಮ್ಮ ಜಿಲ್ಲೆಯಲ್ಲಿ ಇದನ್ನು ಬಲ್ಲ ವಕೀಲರು ಇನ್ನೂ ಹೆಚ್ಚು ಬೇಕಾಗಿದ್ದಾರೆ.

ಆಪ್ತ ಸಮಾಲೋಚಕಿ, ಮಂಗಳೂರು:
ವಕೀಲರ ಮಾತನ್ನು ಒಪ್ಪುತ್ತೇನೆ, ಆದರೆ ಒಂದು ಎಚ್ಚರಿಕೆ. ಬಿಎ ಅಥವಾ ಬಿಎಸ್ಸಿ ಮಾತ್ರದಿಂದ ಯಾರೂ ಮನಃಶಾಸ್ತ್ರಜ್ಞರಾಗುವುದಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಎನ್ನಿಸಿಕೊಳ್ಳಲು ಮುಂದಿನ ತರಬೇತಿಯೂ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿಯೂ ಬೇಕು. ನೀವು ಮನಸ್ಸನ್ನು ಬಲ್ಲ ವಕೀಲೆಯಾಗಬೇಕೋ, ನ್ಯಾಯಾಲಯಕ್ಕೆ ಅಭಿಪ್ರಾಯ ಕೊಡುವ ತಜ್ಞೆಯಾಗಬೇಕೋ ಎಂಬುದನ್ನು ಈಗಲೇ ಯೋಚಿಸಿ, ಏಕೆಂದರೆ ಒಂದೇ ಪ್ರಕರಣದಲ್ಲಿ ಎರಡೂ ಆಗಲು ಬರುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 15ನೆಯ ಸೆಕ್ಷನ್ ನೋಡಿ: ಹದಿನಾರು ತುಂಬಿದ ಹುಡುಗನ ಮೇಲೆ ಘೋರ ಅಪರಾಧದ ಆರೋಪ ಬಂದಾಗ, ಕೃತ್ಯದ ಪರಿಣಾಮವನ್ನು ಅರಿಯುವ ಶಕ್ತಿ ಅವನಿಗಿತ್ತೇ ಎಂಬುದನ್ನು ಬಾಲನ್ಯಾಯ ಮಂಡಳಿ ತೂಗಿ ನೋಡಬೇಕು, ಅದಕ್ಕೆ ಮನಃಶಾಸ್ತ್ರಜ್ಞರ ನೆರವು ಪಡೆಯಬಹುದು. ಆ ವರದಿಯನ್ನು ಬರೆಯುವವರು ಒಬ್ಬರು, ಅದರಲ್ಲಿ ಯಾವ ಪರೀಕ್ಷೆ ಮಾಡಿದ್ದಾರೆ, ಹುಡುಗನೊಡನೆ ಯಾವ ಭಾಷೆಯಲ್ಲಿ ಮಾತಾಡಿದ್ದಾರೆ ಎಂದು ಕೇಳಬೇಕಾದವರು ಇನ್ನೊಬ್ಬರು. ನನ್ನ ಅನುಭವದಲ್ಲಿ ಕೊರತೆ ಇರುವುದು ಕೇಳುವವರದ್ದು.

ಬದಿಯಡ್ಕದ ವಿದ್ಯಾರ್ಥಿನಿ:
ಇಬ್ಬರಿಗೂ ಧನ್ಯವಾದ. ಹಾಗಾದರೆ ನನ್ನ ದಾರಿ ಕೇಳುವವರದ್ದೇ; ಮೊದಲು ಮನಃಶಾಸ್ತ್ರದ ಪದವಿಗೆ ಅರ್ಜಿ ಹಾಕುತ್ತೇನೆ. ಮಲಯಾಳ ಮಾತಾಡಲು ಬರುತ್ತದೆ, ಓದುವುದು ನಿಧಾನ. ಅದು ಅಡ್ಡಿಯಾದೀತೇ ಸರ್?

ಕುಂಬಳೆಯ ವಕೀಲ:
ಆಗುತ್ತದೆ. ಪದವಿಯ ಮೂರು ನಾಲ್ಕು ವರ್ಷಗಳಲ್ಲಿ ದಿನಕ್ಕೆ ಒಂದು ಪುಟ ಮಲಯಾಳ ಪತ್ರಿಕೆ ಓದಿದರೆ ಸಾಕು. ಆ ಹೇಳಿಕೆಯ ‘ಇಡಿಚ್ಚು’ ನನ್ನ ಕಣ್ಣಿಗೆ ಬಿದ್ದದ್ದು ಮಲಯಾಳದ ಮೂಲ ಪ್ರತಿಯನ್ನು ನಾನೇ ಓದಿದ್ದರಿಂದ; ಗುಮಾಸ್ತರು ಮಾಡಿಕೊಟ್ಟಿದ್ದ ಕನ್ನಡ ಸಾರಾಂಶದಲ್ಲಿ ‘ಅಪಘಾತವಾಯಿತು’ ಎಂದಷ್ಟೇ ಇತ್ತು.