ಸಹಾಯ ಬೇಕು: ಒಂದೇ ಮನೆಯ ಎರಡು ನಾಯಿಗಳ ನಡುವಿನ ಬಿಗುವು

ನಮ್ಮ ಮನೆಯಲ್ಲಿ 8 ವರ್ಷದ ಹೆಣ್ಣುನಾಯಿಯೊಂದಿದ್ದು, ಕಳೆದ ವರ್ಷ ಮರಿಯಾಗಿ ಬಂದ ಇನ್ನೊಂದು ಹೆಣ್ಣುನಾಯಿ ಈಗ ಪ್ರಾಯಕ್ಕೆ ಬಂದಿದೆ. ಮೊದಲು ಒಟ್ಟಿಗೇ ಮಲಗುತ್ತಿದ್ದವು. ಈಗ ಊಟದ ತಟ್ಟೆಯ ಬಳಿಯೋ ಇಕ್ಕಟ್ಟಾದ ಬಾಗಿಲಲ್ಲೋ ಎದುರಾದರೆ ಹಿರಿಯದು ಮೈ ಸೆಟೆಸಿ, ಕಣ್ಣು ಕದಲಿಸದೆ ದಿಟ್ಟಿಸುತ್ತದೆ, ಮರುಕ್ಷಣವೇ ಕಚ್ಚಾಟ ಶುರುವಾಗುತ್ತದೆ. ಗುರುಗುಟ್ಟುವುದು ಎಚ್ಚರಿಕೆಯ ಮಾತಾದ್ದರಿಂದ ಅದಕ್ಕಾಗಿ ನಾವು ಗದರಿಸುವುದಿಲ್ಲ. ಬೇರೆ ಬೇರೆ ಕೋಣೆಗಳಲ್ಲಿ ಊಟ ಹಾಕಿ, ಆಟಿಕೆಗಳನ್ನು ಎತ್ತಿಟ್ಟು, ನಡುವೆ ತಡೆಗೇಟು ನಿಲ್ಲಿಸಿದ್ದೇವೆ. ಹೊರಗೆ ಅಕ್ಕಪಕ್ಕ ನಡೆಸಿದಾಗ ಎರಡೂ ಶಾಂತವಾಗಿರುತ್ತವೆ, ನಮಗಿರುವ ಭರವಸೆ ಅದೊಂದೇ. ನೋವಿರುವ ನಾಯಿ ಬೇಗ ಸಿಡುಕುವುದುಂಟು; ಹಿರಿಯದಕ್ಕೆ ಕೀಲುನೋವಿರಬಹುದೆಂದು ಪಶುವೈದ್ಯರ ತಪಾಸಣೆಯನ್ನೂ ಗೊತ್ತುಮಾಡಿದ್ದೇವೆ. ಎರಡನ್ನೂ ಮನೆಯೊಳಗೆ ಮತ್ತೆ ಯಾವ ಹಂತಗಳಲ್ಲಿ, ಎಷ್ಟೆಷ್ಟು ಹೊತ್ತು ಒಟ್ಟಿಗೆ ಬಿಡಬೇಕು, ಯಾವ ಸೂಚನೆ ಕಂಡಕೂಡಲೇ ಬೇರ್ಪಡಿಸಬೇಕು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಿ. ಎರಡರಲ್ಲಿ ಯಾವುದನ್ನೂ ಬೇರೆ ಮನೆಗೆ ಕಳುಹಿಸಲು ನಮಗೆ ಮನಸ್ಸಿಲ್ಲ.